ಉಳಿಯ ಹೊಟ್ಟೆ ನೋಡು

ಮೊನ್ನೆ ನೀನು ಹೊತ್ತು ತಂದ ಉಳಿಗಳ ಪೆಟ್ಟಿಗೆ ನೋಡಿ ಯಾರದೋ ಮದುವೆ ಒಡವೆ ಅಂದುಕೊಂಡೆ. ಮಖಮಲ್ಲಿನ ಹಾಸು, ಸಾಲಾಗಿ ಆರು ಉಳಿ, ಒಂದೊಂದಕ್ಕೂ ವಾರ್ನಿಷ್ ಹೊಡೆದ ಹಿಡಿ. ನಿನ್ನ ಮುಖ ಅದಕ್ಕಿಂತ ಹೊಳೀತಿತ್ತು. ಕೈಯಲ್ಲಿ ಕಾಫಿ ಲೋಟ ಇದ್ದಾಗ ಹುಡುಗನ ಮನಸ್ಸು ಮುರಿಯಬಾರದು ಅಂತ ಸುಮ್ಮನಿದ್ದೆ. ಈಗ ಹೇಳ್ತೀನಿ, ಕೇಳು.

ಆ ದೊಡ್ಡ ಗೌಜ್, ಅದೇ ಕಾಲುವೆ ಇರೋ ಉಳಿ, ಎತ್ತಿಕೋ. ಹೊರಮೈ ಕನ್ನಡಿ ಇದ್ದಂಗಿದೆ, ಮೀಸೆ ತಿದ್ದಿಕೊಳ್ಳಬಹುದು. ಕಿಟಕಿ ಹತ್ತಿರ ಹಿಡಿದು ಒಳಗಿನ ಕಾಲುವೆ ನೋಡು. ಗೀರುಗಳು ಕಾಣ್ತಾ ಇವೆಯಾ? ಯಂತ್ರ ಕೊರೆದ ಗುರುತು ಅದು. ಕಣ್ಣಿಗೆ ಬೀಳೋ ಕಡೆಯೆಲ್ಲ ಉಜ್ಜಿದವನು ಕಾಲುವೆ ಹತ್ತಿರ ಬರುವಷ್ಟರಲ್ಲಿ ಊಟಕ್ಕೆ ಎದ್ದು ಹೋಗಿದ್ದಾನೆ. ಉಳಿಯ ಬಾಯಿ ಅಂದ್ರೆ ಎರಡು ಮೈ ಕೂಡೋ ಗೆರೆ ಕಣಪ್ಪ. ಹೊರಗಡೆ ನೀನೆಷ್ಟು ಸಾಣೆ ಹಿಡಿದರೂ ಒಳಗಡೆ ಗೀರಿದ್ದರೆ ಬಾಯಿ ಗರಗಸದ ಹಲ್ಲಾಗುತ್ತೆ. ಆಮೇಲೆ ಮರ ಸರಿಯಿಲ್ಲ, ಲೇತ್ ಅದುರುತ್ತೆ ಅಂತ ರಾಗ ತೆಗೀತೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮದ್ದು ಸುಲಭ. ಕಾಲುವೆಯೊಳಗೆ ಸರಿಯಾಗಿ ಕೂರೋ ಹಾಗೆ ಒಂದು ಕಡ್ಡಿ ಕಡೆದುಕೋ. 400 ನಂಬರಿನ ಉಪ್ಪುಕಾಗದ ಸುತ್ತಿ, ಎರಡು ಹನಿ ಎಣ್ಣೆ ಬಿಟ್ಟು ಉದ್ದುದ್ದಕ್ಕೆ ಉಜ್ಜು. ಆಮೇಲೆ 600, ಆಮೇಲೆ 1000. ಇಡೀ ಉಳಿ ಬೇಡ, ಬಾಯಿಂದ ಒಂದಿಂಚು ಸಾಕು. ಸವೆದಂತೆ ಮತ್ತೆ ಒಂದಿಂಚು. ಒಂದು ಸಂಜೆಯ ಕೆಲಸ. ನೀನು ಮೊಬೈಲ್ ನೋಡೋ ಹೊತ್ತಲ್ಲಿ ಎರಡು ಉಳಿ ಮುಗಿಯುತ್ತೆ.

ನಮ್ಮ ಚನ್ನಪಟ್ಟಣದಲ್ಲಿ ಇದು ಯಾಕೆ ಇಷ್ಟು ದೊಡ್ಡ ಮಾತು ಗೊತ್ತಾ? ನಾವು ಕಡೆಯೋದು ಆಲೆ ಮರ. ಬಿಳಿ, ನುಣುಪು, ಎಳೆ ತೀರಾ ಸಣ್ಣ. ಅದರ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿರುಗೋ ಮರದ ಉಜ್ಜಾಟದ ಶಾಖಕ್ಕೇ ಅರಗು ಕರಗಿ ಹತ್ತುತ್ತೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ತರಿಸ್ತೀವಿ. ಅರಗು ಚಾಡಿಕೋರ. ಉಳಿ ಬಿಟ್ಟ ಒಂದೊಂದು ಗೆರೆಯನ್ನೂ ಹೊಳಪಿನಲ್ಲಿ ಎತ್ತಿ ತೋರಿಸುತ್ತೆ. ಉಪ್ಪುಕಾಗದದಲ್ಲಿ ಮುಚ್ಚಿಹಾಕ್ತೀನಿ ಅಂತೀಯ. ಬುಗುರಿಯ ಸಣ್ಣ ಗೀರೇನೋ ಹೋಗುತ್ತೆ, ಜೊತೆಗೆ ನೀನು ಕಷ್ಟಪಟ್ಟು ತೆಗೆದ ಅಂಚೂ ಹೋಗುತ್ತೆ. ಈ ಊರಿನ ಗೊಂಬೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ನಿಜ. ಪಟ್ಟ ಗೊಂಬೆಗೆ, ನಿನ್ನ ಉಳಿಗಲ್ಲ.

ಇನ್ನು ಉಕ್ಕು. ಹಿಡಿ ಮೇಲೆ ಹೈಸ್ಪೀಡ್ ಸ್ಟೀಲ್ ಅಂತ ಅಚ್ಚು ಹಾಕಿದ್ದಾರೆ ಅಂದೆ. ಅಚ್ಚು ಹಾಕೋಕೆ ಏನು ಖರ್ಚು? ಸಾಣೆಗೆ ಮುಟ್ಟಿಸಿ ಕಿಡಿ ನೋಡು. ಸಾದಾ ಕಾರ್ಬನ್ ಉಕ್ಕಾದರೆ ದೀಪಾವಳಿಯ ಸುರುಸುರುಬತ್ತಿ, ಬೆಳ್ಳಗೆ ಒಡೆದು ಚಿಮ್ಮುತ್ತೆ. ಹೈಸ್ಪೀಡ್ ಆದರೆ ಮಂದ ಕೆಂಪು, ಸಿಡಿಯೋದು ಕಮ್ಮಿ. ಕಾರ್ಬನ್ ಉಕ್ಕು ಕೆಟ್ಟದ್ದು ಅಂತ ತಿಳೀಬೇಡ, ಬಾಯಿ ಚೆನ್ನಾಗಿ ಬರುತ್ತೆ. ಆದರೆ ಅದು ಮುಂಗೋಪಿ. ಸಾಣೆಯಲ್ಲಿ ತುದಿ ನೀಲಿಗೆ ತಿರುಗಿತೋ, ಅಂದ್ರೆ ಸುಮಾರು 300 ಡಿಗ್ರಿ ಮುಟ್ಟಿತೋ, ಹದ ಹೋಯಿತು. ನೀರಿಗೆ ಅದ್ದಿ ಅದ್ದಿ ಹಿಡೀಬೇಕು. ಹೈಸ್ಪೀಡ್ ಉಕ್ಕು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ತಾಳುತ್ತೆ, ಆದರೆ ಕೆಂಪಗೆ ಕಾದದ್ದನ್ನ ನೀರಿಗೆ ಅದ್ದಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತೆ. ಸುಮ್ಮನೆ ಆರಲು ಬಿಡು.

ನಾನೇನು ಹುಟ್ಟುತ್ತಲೇ ಬುದ್ಧಿವಂತನೇ? ನಿನ್ನ ವಯಸ್ಸಲ್ಲಿ ಹಳೇ ಅರ ಒಂದನ್ನ ತುದಿ ಉಜ್ಜಿ ಉಳಿ ಮಾಡಿಕೊಂಡೆ. ಮೇಸ್ತ್ರಿ ಕೇಳಿದರು, ಹದ ಇಳಿಸಿದೆಯೇನೋ ಅಂತ. ಹ್ಞೂಂ ಅಂದೆ. ಸುಳ್ಳು. ಅರ ಗಾಜಿನಂಥ ಗಡಸು. ಹಲ್ಲು ಪೂರ್ತಿ ಉಜ್ಜಿ ತೆಗೆಯದಿದ್ದರೆ ಒಂದೊಂದು ಹಲ್ಲಿನ ಬುಡವೂ ಬಿರುಕಿಗೆ ಬಾಗಿಲು. ಆಮೇಲೆ 200 ಡಿಗ್ರಿಯ ಮೇಲೆ, ಒಣಹುಲ್ಲಿನ ಬಣ್ಣ ಬರೋ ತನಕ ಕಾಯಿಸಿ ಹದ ಇಳಿಸಬೇಕು. ನಾನು ಎರಡನ್ನೂ ಮಾಡಿರಲಿಲ್ಲ. ಉಳಿ ಮರಕ್ಕೆ ಕಚ್ಚಿಕೊಂಡ ಕ್ಷಣ ಪಟ್ ಅಂತ ಮುರೀತು. ಚೂರು ಹುಬ್ಬಿನ ಮೇಲೆ ಹಾದುಹೋಯಿತು. ಗುರುತು ಇನ್ನೂ ಇದೆ. ಬಿದ್ದ ಗಾಯ ಅಂತ ನಿನ್ನ ಅಜ್ಜಿಗೆ ಹೇಳಿದ್ದೀನಿ, ನೀನು ಬಾಯಿ ಬಿಡಬೇಡ. ಕನ್ನಡಕ ಹಾಕ್ಕೋ ಅಂತ ನಾನು ಗದರಿದಾಗಲೆಲ್ಲ ನಗ್ತೀಯಲ್ಲ, ಅದಕ್ಕೆ ಈ ಕಥೆ.

ನಿನ್ನ ಸಾಣೆ ಹಿಡಿಯೋ ಚಂದ ನೋಡಿದ್ದೀನಿ. ಸೌಟಲ್ಲಿ ಹುಳಿ ಕದಡಿದ ಹಾಗೆ. ಮೊದಲು ಉಳಿಯ ಬಾಯಿಯ ಇಳಿಜಾರಿಗೆ ಮಾರ್ಕರ್ ಮಸಿ ಬಳಿ. ಚಕ್ರ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಮಸಿ ಎಲ್ಲಿ ಅಳಿಸಿತು ನೋಡು. ಪೂರ್ತಿ ಅಳಿಸುವ ಹಾಗೆ ಕೋನ ಸಿಕ್ಕಮೇಲೆ ಮೋಟಾರು ಹಾಕು. ಓರೆ ಉಳಿಗೆ ಎರಡು ಬದಿಯೂ ಸೇರಿ 30 ಡಿಗ್ರಿ ಆಸುಪಾಸು, ಕೆರೆಯೋ ಉಳಿಗೆ 70–80. ಹಗುರಾಗಿ ಎರಡು ಸಲ ಸವರಿದರೆ ಸಾಕು. ನಿಮಿಷಕ್ಕೆ 2880 ಸುತ್ತಿನ ಮೋಟಾರು ನಿನ್ನ ದುಡುಕಿಗೆ ಸರಿಹೋಗಲ್ಲ, 1440ರದ್ದು ತಗೋ. ಮೊಂಡಾದ ಮೇಲೆ ಒಂದು ತಾಸು ತೀಡೋ ಬದಲು, ಮೊಂಡಾಗೋ ಮುಂಚೆ ಅರ್ಧ ನಿಮಿಷ ಎಣ್ಣೆಕಲ್ಲಿಗೆ ಮುಟ್ಟಿಸು. ಅದರಲ್ಲೂ ತೇಗ ಕಡೆಯುವ ದಿನ. ತೇಗದೊಳಗೆ ಮರಳಿನಂಥ ಸಿಲಿಕಾ ಇರುತ್ತೆ, ಬಾಯಿ ಬೇಗ ತಿನ್ನುತ್ತೆ.

ಓರೆ ಉಳಿಯ ಬೆನ್ನಿನ ಮೂಲೆಗಳು ಚೂಪಾಗಿದ್ದರೆ ಸವರಿ ದುಂಡು ಮಾಡು. ಇಲ್ಲದಿದ್ದರೆ ಉಳಿ ಆನಿಸೋ ಕಂಬಿಯ ಮೇಲೆ ಕಚ್ಚು ಬೀಳುತ್ತೆ. ಆಮೇಲೆ ಜಾರುವಾಗೆಲ್ಲ ಕೈ ಅಲ್ಲಿ ಎಡವುತ್ತೆ, ಎಡವಿದ್ದೆಲ್ಲ ಮರದ ಮೇಲೆ ಅಚ್ಚಾಗುತ್ತೆ. ಕಂಬಿಗೂ ತಿಂಗಳಿಗೊಮ್ಮೆ ಅರ ಹಾಕು. ಹಿಡಿಯ ವಾರ್ನಿಷ್ ಕೆರೆದುಹಾಕು, ಬೆವರಿದ ಕೈಗೆ ಅದು ಜಾರುತ್ತೆ. ಹಿಡಿಯ ಕುತ್ತಿಗೆಯ ಹಿತ್ತಾಳೆ ಬಳೆ ಸಡಿಲವಾಗಿದ್ದರೆ ಆ ಉಳಿ ಅವತ್ತು ಮುಟ್ಟಬೇಡ.

ಮಳೆಗಾಲ ಬಂತು ಅಂದ್ರೆ ತುಕ್ಕು. ಹಸಿ ಮರದ ಹೊಟ್ಟು ಹತ್ತಿದ ಉಳಿಯನ್ನ ರಾತ್ರಿಯಿಡೀ ಬಿಟ್ಟು ನೋಡು, ಜಾಲಿ ಮರವಾದರೆ ಬೆಳಗ್ಗೆ ಹೊತ್ತಿಗೆ ಕಪ್ಪು ಕಲೆ. ಒರೆಸು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರು. ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡ, ಆಮೇಲಾಮೇಲೆ ಅಂಟಾಗುತ್ತೆ, ಧೂಳು ಹಿಡಿಯುತ್ತೆ. ಇನ್ನು ಆ ಮಖಮಲ್ ಪೆಟ್ಟಿಗೆ. ಅದರ ಬಟ್ಟೆ ತೇವ ಹೀರಿಕೊಂಡು ಕೂತಿರುತ್ತೆ. ನಿನ್ನ ಉಳಿಗಳಿಗೆ ಮೊದಲ ಶತ್ರು ಅದೇ.

ಭಾನುವಾರ ಬಾ. ಅರ್ಧ ಇಂಚಿನ ಗೌಜ್ ಒಂದೇ ತಾ. ಪೆಟ್ಟಿಗೆ ನಿನ್ನ ಅಜ್ಜಿಗೆ ಕೊಡು, ಬಳೆ ಇಟ್ಟುಕೊಳ್ಳೋಕೆ ಏನಾದರೂ ಬೇಕು ಅಂತ ಆವಾಗಿಂದ ಕೇಳ್ತಿದ್ದಾಳೆ.