ಏಟು ಬಿದ್ದ ದಿನವೇ ದಾಖಲೆ ಮಾಡಿ



ಭದ್ರಾ ಮೇಲ್ದಂಡೆಯ ನೀರಿಗಾಗಿ ಜಗಳೂರಿನಲ್ಲಿ ಧರಣಿ ಕೂರುವಾಗ ನಮ್ಮ ಸೊಕ್ಕೆ ಹೋಬಳಿಯ ಹುಡುಗರು ಮುಂದಿನ ಸಾಲಿನಲ್ಲಿರುತ್ತೀರಿ. ಅದು ನನಗೆ ಹೆಮ್ಮೆ. ಆದರೆ ಹೋರಾಟಕ್ಕೆ ಇಳಿದವರಿಗೆ ಒಂದಲ್ಲ ಒಂದು ದಿನ ಲಾಠಿ ಎದುರಾಗುತ್ತದೆ. ಕಾನೂನು ಮೀರಿ ಕೈಮಾಡಿದವರನ್ನು, ಅವರು ಯಾವ ಸಮವಸ್ತ್ರದಲ್ಲೇ ಇರಲಿ, ಕಟಕಟೆಗೆ ತರಬಹುದು. ಅದಕ್ಕೆ ದಾರಿ ಯಾವುದೆಂದು ಇವತ್ತೇ ತಿಳಿದುಕೊಳ್ಳಿ.

ಈ ದಾರಿ ಸುಲಭದ್ದಲ್ಲ. ತುರ್ತು ಪರಿಸ್ಥಿತಿಯಲ್ಲಿ, ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಆಸ್ತಮಾದಿಂದ ನರಳುತ್ತಿದ್ದ ಆ ತಾಯಿ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅಷ್ಟು ಹೆಸರಾಂತ ಹೋರಾಟಗಾರ್ತಿಗೇ ಹಾಗಾದರೆ ಹಳ್ಳಿಯವರ ಪಾಡೇನು ಎಂದು ನೀವು ಕೇಳಬಹುದು. ಹಳ್ಳಿಯವರದೇ ಎರಡು ಪ್ರಕರಣ ಹೇಳುತ್ತೇನೆ.

ಮೊದಲನೆಯದು ಮಲೆ ಮಹದೇಶ್ವರ ಬೆಟ್ಟದ್ದು. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಬಂದ ಕರ್ನಾಟಕ, ತಮಿಳುನಾಡಿನ ಜಂಟಿ ವಿಶೇಷ ಕಾರ್ಯಪಡೆ ಕಾಡಂಚಿನ ಸೋಲಿಗರನ್ನೂ ಬಡ ರೈತರನ್ನೂ ಎಳೆದೊಯ್ದು ಹಿಂಸಿಸಿತೆಂಬ ದೂರುಗಳು ಬಂದವು. ಹಿಂಸೆ ನಡೆಯುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂದೇ ಹೆಸರು ಬಿದ್ದಿತ್ತು. ಅಲ್ಲಿ ಮೈಗೆ ಕರೆಂಟ್ ಕೊಡುತ್ತಿದ್ದರೆಂದು ಎಷ್ಟೋ ಜನ ಹೇಳಿಕೆ ಕೊಟ್ಟರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2003ರಲ್ಲಿ ವರದಿ ಬಂತು. 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದು ಆಯೋಗ ಹೇಳಿತು. ಆದರೆ ಆ ವರದಿ ಹಿಡಿದು ಕಾರ್ಯಪಡೆಯವರ ಮೇಲೆ ಕ್ರಿಮಿನಲ್ ವಿಚಾರಣೆ ನಡೆಯಲಿಲ್ಲ. ವೀರಪ್ಪನ್ ಸತ್ತ ಮೇಲೆ ಅವರಿಗೆ ಬಹುಮಾನ, ಬಡ್ತಿ ಸಿಕ್ಕವು. ಜನ ಬಾಯಿಬಿಟ್ಟು ಹೇಳುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಗಾಯ ಮಾಯ್ದಿತ್ತು. ಲೆಕ್ಕಕ್ಕೇ ಬಾರದ ಬಂಧನಕ್ಕೆ ಠಾಣೆಯಲ್ಲಿ ಕಾಗದ ಎಲ್ಲಿಂದ ಬರಬೇಕು?

ಎರಡನೆಯದು ಪಕ್ಕದ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ವಾಚಾತಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆದಿವಾಸಿಗಳ ಊರಿಗೆ ನುಗ್ಗಿದರು. ಮನೆಗಳನ್ನು ಹಾಳುಗೆಡವಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಮೊದಲಿಗೆ ದೂರು ಕೇಳುವವರೇ ಇರಲಿಲ್ಲ. ಆದರೆ ಆದಿವಾಸಿ ಸಂಘದವರೂ ಎಡಪಕ್ಷದವರೂ ಕೈಬಿಡದೆ ಕೋರ್ಟಿಗೆ ಹೋದರು. ಪರಿಶಿಷ್ಟ ಜಾತಿ, ಪಂಗಡಗಳ ಆಯೋಗದ ಅಧಿಕಾರಿಯೊಬ್ಬರು ಊರಿಗೇ ಬಂದು ಕಂಡದ್ದನ್ನು ಬರೆದರು. ಹೈಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು. ಆರೋಪಿಗಳು 269 ಮಂದಿ. ತೀರ್ಪು ಬರುವಷ್ಟರಲ್ಲಿ 54 ಮಂದಿ ಸತ್ತಿದ್ದರು. ಉಳಿದ 215 ಮಂದಿಗೂ 2011ರ ಸೆಪ್ಟೆಂಬರ್ 29ರಂದು ಶಿಕ್ಷೆಯಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 31 ವರ್ಷ ಆ ಹೆಂಗಸರು ಮಾತು ಬದಲಿಸಲಿಲ್ಲ, ರಾಜಿಗೆ ಒಪ್ಪಲಿಲ್ಲ.

ಈ ಎರಡರಿಂದ ನಾನು ಕಲಿತದ್ದು ಇಷ್ಟೇ: ಸಮವಸ್ತ್ರದವರ ಮೇಲಿನ ಕೇಸು ನಿಲ್ಲುವುದು ಬೇಗ ಹುಟ್ಟಿದ ದಾಖಲೆ ಮತ್ತು ಕೊನೆತನಕ ಕದಲದ ಸಾಕ್ಷಿಯ ಮೇಲೆ.

ಆದ್ದರಿಂದ ಸಂಗಾತಿಯನ್ನು ಠಾಣೆಗೆ ಕರೆದೊಯ್ದರೆ ಒಬ್ಬರಾದರೂ ಹಿಂದೆಯೇ ಹೋಗಿ. ಬಂಧನದ ತಾರೀಖು, ಹೊತ್ತು ಬರೆದ ಪತ್ರಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಸಹಿ ಹಾಕಬೇಕೆಂದು ಕಾನೂನಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಅಲ್ಲಿ ನಾಚಿಕೆ ಬಿಟ್ಟು ಅಂಗಿ ಎತ್ತಿ ಗಾಯ ತೋರಿಸಿ, ಬರೆದುಕೊಳ್ಳಿ ಸ್ವಾಮಿ ಎಂದು ಕೇಳಿ. ಆಸ್ಪತ್ರೆಯಲ್ಲಿ ‘ಬಿದ್ದು ಗಾಯವಾಯಿತು’ ಎಂದು ಬರೆಸಬೇಡಿ, ನಡೆದದ್ದನ್ನೇ ಹೇಳಿ. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಮಾಡಿಸಿ, ವೈದ್ಯಕೀಯ ವರದಿಯ ನಕಲು ಪಡೆಯಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ (ಜೆಎಂಎಫ್‌ಸಿ) ಕೋರ್ಟಿಗೆ ಹೋಗಿ. ಮಾನವ ಹಕ್ಕುಗಳ ಆಯೋಗಕ್ಕಾದರೆ ಒಂದು ವರ್ಷದೊಳಗೆ ದೂರು ಹೋಗಬೇಕು. ತಡವಾದರೆ ಅವರು ವಿಚಾರಣೆ ಮಾಡುವಂತಿಲ್ಲ.

ಮುಂದೆ ಇನ್ನೊಂದು ಗೋಡೆ ಇದೆ. ಪೊಲೀಸರು ಕರ್ತವ್ಯದ ಮೇಲಿದ್ದಾಗ ಮಾಡಿದ್ದು ಎಂದಾದರೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೋರ್ಟು ಕೇಸು ಕೈಗೆತ್ತಿಕೊಳ್ಳದು. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ದೂರನ್ನು ರದ್ದು ಮಾಡಿತು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನಂತೆ, ಸರ್ಕಾರ 120 ದಿನದೊಳಗೆ ಹೌದು ಅಥವಾ ಇಲ್ಲ ಎನ್ನದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಅನುಮತಿ ಕೋರುವ ಅರ್ಜಿ ತಲುಪಿದ ತಾರೀಖಿಗೆ ಸೀಲು ಹಾಕಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ನಮ್ಮ ಜಿಲ್ಲೆಯದೇ ಚನ್ನಗಿರಿಯ ಮಾತು. 2024ರ ಮೇ 24ರಂದು ಮಟ್ಕಾ ವಿಷಯಕ್ಕೆ ಪೊಲೀಸರು ಠಾಣೆಗೆ ಕರೆತಂದಿದ್ದ ಒಬ್ಬ ತೀರಿಕೊಂಡ. ಆ ರಾತ್ರಿ ಠಾಣೆಗೆ ಕಲ್ಲು ಬಿತ್ತು, ಪೊಲೀಸರಿಗೂ ಗಾಯವಾಯಿತು. ಅಧಿಕಾರಿಗಳ ಅಮಾನತಾಯಿತು, ಸಿಐಡಿ ತನಿಖೆಗೆ ಬಂತು. ಆದರೆ ಕಲ್ಲೆಸೆದ ಆರೋಪದ ಮೇಲೆ ಹುಡುಗರು ಕೇಸಿಗೆ ಸಿಕ್ಕಿದರು, ಊರೆಲ್ಲ ಕಲ್ಲಿನ ಮಾತೇ ಆಡಿತು. ಸಾವು ಹೇಗಾಯಿತು ಎಂಬ ಪ್ರಶ್ನೆ ಹಿಂದೆ ಬಿತ್ತು. ನಿಮ್ಮ ಸಿಟ್ಟು ನ್ಯಾಯದ್ದೇ ಇರಬಹುದು, ಆದರೆ ಕಲ್ಲೆಸೆದವನು ಸಾಕ್ಷಿಯಾಗಿ ಉಳಿಯುವುದಿಲ್ಲ, ಆರೋಪಿಯಾಗುತ್ತಾನೆ. ಖಾಕಿ ತೊಟ್ಟವರೆಲ್ಲ ವೈರಿಗಳೆಂದೂ ತಿಳಿಯಬೇಡಿ. ಅವರೂ ನಮ್ಮಂಥ ರೈತರ ಮನೆಯ ಮಕ್ಕಳೇ. ನಿಮ್ಮ ಕೇಸು ಹೊಡೆದವನ ಮೇಲೆ ಮತ್ತು ಹೊಡೆಯಲು ಹೇಳಿದವನ ಮೇಲೆ ಇರಲಿ.

ಏಟು ತಿಂದವನೊಬ್ಬನೇ ಇಷ್ಟು ದೂರ ನಡೆಯಲಾರ. ಅವನು ಸಾಕ್ಷಿ ಹೇಳುವ ದಿನ ಒಂದು ದಿನದ ಕೂಲಿ ಹೋದರೂ ಸರಿ, ಅವನ ಜತೆ ಕೋರ್ಟಿಗೆ ಹೋಗಿ.