ಕಚೇರಿಯ ಲೆಕ್ಕ ಬೆಳೆಗಾರನ ಕಣ್ಣಿಗೂ ಬೀಳಲಿ



ಮಳೆಯ ಅಂಕಿ, ಪಹಣಿಯ ಕಲಮು, ಕರದ ಪಟ್ಟಿ ಇವೆಲ್ಲ ಸರಕಾರಿ ಕಚೇರಿಯಲ್ಲಿ ಬರೆದಿಡುವ ಲೆಕ್ಕಗಳು. ಅವುಗಳ ಲಾಭನಷ್ಟ ಉಣ್ಣುವವರು ಮಾತ್ರ ನಾವು. ಆದ್ದರಿಂದ ಅವು ಯಾರಿಗೆ, ಯಾವಾಗ, ಹೇಗೆ ಸಿಗಬೇಕೆಂಬುದನ್ನು ನಾವು ಅರಿತಿರಬೇಕು. ಇದಕ್ಕೆ ಗದಗ ಜಿಲ್ಲೆಯ ಎರೆಭೂಮಿ ಒಳ್ಳೆಯ ನಿದರ್ಶನ. ಅಲ್ಲಿ ಕಾಫಿ, ಅಡಿಕೆ ಇಲ್ಲದಿದ್ದರೂ ರೈತನ ಕಷ್ಟ ಒಂದೇ.

ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರವನ್ನು ವಿರೋಧಿಸಿ ನರಗುಂದ ಮತ್ತು ನೆರೆಯ ನವಲಗುಂದದ ರೈತರು 1980ರಲ್ಲಿ ಬೀದಿಗಿಳಿದರು. ಜುಲೈ 21ರಂದು ಗೋಲೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ಕಾಲುವೆ ನೀರು ಸರಿಯಾಗಿ ತಲುಪದ ಹೊಲಕ್ಕೂ ಕರ ಬಿದ್ದಿದೆ ಎಂಬುದು ಅವರ ದೂರುಗಳಲ್ಲೊಂದು. ಇಂಥ ತಕರಾರು ಬಗೆಹರಿಯಬೇಕಾದರೆ ಯಾವ ಸರ್ವೆ ನಂಬರಿಗೆ ಎಷ್ಟು ನೀರು ಹರಿಯಿತು, ಎಷ್ಟು ಕರ ಬಿತ್ತು ಎಂಬ ಒಂದೇ ಪಟ್ಟಿ ಎರಡೂ ಕಡೆಯವರ ಮುಂದಿರಬೇಕು. ಪಟ್ಟಿ ತೆರೆದಿಟ್ಟ ಮಾತ್ರಕ್ಕೆ ಅನ್ಯಾಯ ನೀಗದು. ಆದರೆ ವಾದಕ್ಕೆ ಆಧಾರ ದೊರೆಯುತ್ತದೆ.

ಪಹಣಿಯ ಸಂಗತಿಯನ್ನೂ ನೋಡೋಣ. ಹಿಂದೆ ಕೈಬರಹದ ಪಹಣಿ ಗ್ರಾಮಲೆಕ್ಕಿಗರ ಬಳಿ ಇರುತ್ತಿತ್ತು. ಅವರು ಸಿಕ್ಕಾಗ ನಕಲು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲೂಕು ಕೇಂದ್ರದಲ್ಲಿ ಆಗ 15 ರೂಪಾಯಿಗೆ ನಕಲು ಸಿಗತೊಡಗಿತು. ರೋಣದ ರೈತನೂ, ರೋಣದಿಂದ ಬೇರೆಯಾಗಿ ತಾಲೂಕಾಗಿರುವ ಗಜೇಂದ್ರಗಡದ ರೈತನೂ ಇಂದು ಅಂತರ್ಜಾಲದಲ್ಲೇ ಪಹಣಿ ನೋಡಬಹುದು. ಕಂಪ್ಯೂಟರಿಗೆ ಏರಿದರೂ ತಪ್ಪು ಕಲಮು ತಪ್ಪೇ. ಆದರೆ ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದಿಸಲು ಓಡಾಡಬಹುದು.

2007ರಲ್ಲಿ ಅಮೆರಿಕದ ಸೆಬಾಸ್ಟಪೋಲ್‌ನಲ್ಲಿ ಸೇರಿದ್ದ ತಜ್ಞರು ಸರಕಾರಿ ಮಾಹಿತಿಗೆ ಎಂಟು ತತ್ವಗಳನ್ನು ರೂಪಿಸಿದರು. ನಮಗೆ ಹತ್ತಿರವಾದ ನಾಲ್ಕನ್ನು ಅಡಿಕೆಯ ಹವಾಮಾನ ಆಧಾರಿತ ವಿಮೆಗೆ ಹೊಂದಿಸಿ ಹೇಳುತ್ತೇವೆ. ಈ ವಿಮೆಯ ಪರಿಹಾರ ನಿರ್ಧಾರವಾಗುವುದು ಮಳೆಯಂಥ ಹವಾಮಾನದ ಅಂಕಿಗಳ ಮೇಲೆ.

1. ಪೂರ್ಣತೆ: ಕೆಲವು ದಿನಗಳದ್ದಲ್ಲ, ಇಡೀ ಅವಧಿಯ ಮಳೆ ಲೆಕ್ಕ ಇರಬೇಕು.

2. ಮೂಲರೂಪ: ಸರಾಸರಿ ಸಾಲದು, ದಿನದಿನದ ಅಂಕಿ ಬೇಕು.

3. ಸಕಾಲ: ಆಕ್ಷೇಪಣೆಯ ಗಡುವು ಮುಗಿದ ಮೇಲೆ ಸಿಕ್ಕ ಅಂಕಿ ಒಣಗಿದ ತೋಟಕ್ಕೆ ಬಿಟ್ಟ ನೀರಿನಂತೆ.

4. ಸಮಾನತೆ: ಪರಿಚಯದವರಿಗೆ ಮಾತ್ರವಲ್ಲ, ಕೇಳಿದವರಿಗೆಲ್ಲ ಸಿಗಬೇಕು.

ನಮ್ಮ ದೇಶದ ಕಾನೂನೂ ಇದಕ್ಕೆ ಬೆಂಬಲವಾಗಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಕಲಮಿನಂತೆ ಕಚೇರಿಗಳು ಅನೇಕ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದ ವಿವರ ಬೇಕಾದರೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳೊಳಗೆ ಇರಲಿ. ಏಕೆ ಬೇಕೆಂದು ಹೇಳಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಅರ್ಜಿಯ ನಕಲು, ಸ್ವೀಕೃತಿ ಎರಡನ್ನೂ ಜೋಪಾನವಾಗಿಡಿ.

ಸರಕಾರವನ್ನು ಕೇಳುವ ನಾವು ಮನೆಯ ಲೆಕ್ಕವನ್ನೂ ಮುಚ್ಚಿಡಬಾರದು. ಸಂಘದ ತೂಕದ ಚೀಟಿ, ದರಪಟ್ಟಿ, ಲೆಕ್ಕಪರಿಶೋಧನೆಯ ವರದಿಗಳಿಗೂ ಇದೇ ನಾಲ್ಕು ತತ್ವಗಳು ಅನ್ವಯಿಸುತ್ತವೆ. ಸದಸ್ಯರು ಸಂಕೋಚವಿಲ್ಲದೆ ಬಂದು ನೋಡಬೇಕು, ಕೇಳಬೇಕು.