ಬೆಳೆಯ ಅಳತೆಗೆ ಜೋಡಿ ಕ್ಯಾಮೆರಾ

ನಿಂತ ಬೆಳೆಯನ್ನು ಮುಟ್ಟದೆ ಎತ್ತರ ಅಳೆಯಲು ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕದಲ್ಲಿಟ್ಟು ಚಿತ್ರ ತೆಗೆಯುವ ಕ್ರಮವಿದೆ. ಎರಡು ಚಿತ್ರಗಳಲ್ಲಿ ತೆನೆಯ ಸ್ಥಾನ ಎಷ್ಟು ಬೇರೆಯಾಗಿ ಕಾಣುವುದೋ ಅದರಿಂದ ದೂರ, ದೂರದಿಂದ ಎತ್ತರ ಲೆಕ್ಕಕ್ಕೆ ಸಿಗುತ್ತದೆ. ಆದರೆ ಎರಡೂ ಚಿತ್ರಗಳು ಒಂದೇ ಕ್ಷಣದವಾಗಿರಬೇಕು.

ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಬಿಡಿಬಿಡಿಯಾಗಿ ಚಾಲೂ ಮಾಡಿದರೆ ಜೊತೆಯ ಚಿತ್ರಗಳ ನಡುವೆ ಸುಮಾರು 16 ಮಿಲಿಸೆಕೆಂಡಿನವರೆಗೆ ಅಂತರ ಉಳಿಯಬಹುದು. ಗಾಳಿಗೆ ಸೆಕೆಂಡಿಗೆ 50 ಸೆಂ.ಮೀ. ವೇಗದಲ್ಲಿ ಪಕ್ಕಕ್ಕೆ ತೂಗುವ ರಾಗಿ ತೆನೆ ಅಷ್ಟರಲ್ಲಿ 8 ಮಿ.ಮೀ. ಸರಿದಿರುತ್ತದೆ. ಕ್ಯಾಮೆರಾಗಳ ನಡುವೆ 10 ಸೆಂ.ಮೀ. ಇದ್ದು ತೆನೆ 100 ಸೆಂ.ಮೀ. ದೂರದಲ್ಲಿದ್ದರೆ, ಲೆಕ್ಕದಲ್ಲಿ ಅದು ಸುಮಾರು 93 ಅಥವಾ 109 ಸೆಂ.ಮೀ. ಎಂದು ಬರುತ್ತದೆ! ಎತ್ತರವೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ. ತಳಿಗಳ ಹೋಲಿಕೆಗೆ ಇಂಥ ಅಂಕಿ ನಿರುಪಯುಕ್ತ.

2023ರಲ್ಲಿ ಬಂದ ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಕಂಪ್ಯೂಟರಿಗೆ ಎರಡು ಕ್ಯಾಮೆರಾ ಜೋಡಿಸಬಹುದು. ವಿದ್ಯುತ್ ನಿಲ್ಲಿಸಿಯೇ ಪಟ್ಟಿತಂತಿಗಳನ್ನು ಸೇರಿಸಬೇಕು. ಕ್ಯಾಮೆರಾಗಳು ಒಂದೇ ಮಾದರಿಯವಿರಲಿ. ಆರ್‌ಪಿಕ್ಯಾಮ್ ತಂತ್ರಾಂಶದ ‘ಸಿಂಕ್’ ಸೌಲಭ್ಯದಲ್ಲಿ ಒಂದನ್ನು ಸರ್ವರ್, ಇನ್ನೊಂದನ್ನು ಕ್ಲೈಂಟ್ ಎಂದು ಗೊತ್ತುಪಡಿಸಿದರೆ, ಎರಡನೆಯದು ಮೊದಲನೆಯದರ ಹೊತ್ತಿಗೆ ಹೊಂದಿಕೊಳ್ಳುತ್ತದೆ. ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು. ತಾನಾಗಿ ಫೋಕಸ್ ಬದಲಿಸುವ ಕ್ಯಾಮೆರಾ ಆದರೆ ಅದನ್ನು ಒಂದೇ ದೂರಕ್ಕೆ ನಿಲ್ಲಿಸಬೇಕು; ಇದನ್ನು ಮರೆಯುವವರೇ ಹೆಚ್ಚು.

ತಾಕಿಗೆ ಒಯ್ಯುವ ಮೊದಲು, ನೆಟ್ಟಗೆ ನಿಲ್ಲಿಸಿದ ಅಳತೆಪಟ್ಟಿಯ ಮುಂದೆ ನಿಂಬೆಹಣ್ಣೊಂದನ್ನು ಬೀಳಿಸಿ ಪರೀಕ್ಷಿಸಬೇಕು. ಜೊತೆಯ ಎರಡೂ ಚಿತ್ರಗಳಲ್ಲಿ ಹಣ್ಣು ಒಂದೇ ಗುರುತಿನ ಎದುರಿಗಿರಬೇಕು. 20 ಸೆಂ.ಮೀ. ಬಿದ್ದ ಹಣ್ಣು 16 ಮಿಲಿಸೆಕೆಂಡಿನಲ್ಲಿ ಮತ್ತೆ ಸುಮಾರು 3 ಸೆಂ.ಮೀ. ಇಳಿಯುವುದರಿಂದ, ಹೊತ್ತು ತಪ್ಪಿದ್ದರೆ ಬರಿಗಣ್ಣಿಗೇ ಕಾಣುತ್ತದೆ.